ಗೋದಲಿಗೆ ಬಿತ್ತಿದ ಭತ್ತ

ಹೊಸ ಗುರ್ಕಾರ ಬೊನಿಫಾಸ್ ಪ್ಲಾಸ್ಟಿಕ್ ಹುಲ್ಲಿನ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು ಇಗರ್ಜಿಯ ಮೆಟ್ಟಿಲು ಹತ್ತುತ್ತಿದ್ದ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲ, ಅದರ ಮೊದಲನೇ ಭಾನುವಾರ. ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಕಾರ್ಮಿನ್ ಬಾಯಿ ಮೆಟ್ಟಿಲ ನಡುವೆಯೇ ನಿಂತುಕೊಂಡರು.

"ಯಾರನ್ನು ಹೂಳ್ಲಿಕ್ಕೆ ಚಾಪೆ ಸುತ್ತಿಕೊಂಡು ಬಂದೆಯೋ ಬೊನಿ?"

"ಚಾಪೆ ಅಲ್ಲ ಬಾಯಿ, ಹುಲ್ಲು. ಮಂಗಳೂರಿಂದ ತರಿಸಿದ್ದು. ಈ ಸಲ ನಮ್ಮ ಗೋದಲಿಗೆ ಇದೇ."

ಬಸ್ರೂರಿನ ಹೊಳೆಬದಿಯ ವಾಡೊ ಅಂದರೆ ಇಗರ್ಜಿಗೆ ಸೇರಿದ ನಲವತ್ತು ಮನೆಗಳ ಕೇರಿ. ಆ ಕೇರಿಗೊಬ್ಬ ಯಜಮಾನ, ಅವನೇ ಗುರ್ಕಾರ. ಹಿಂದೆ ಗುರ್ಕಾರ ಅಂದರೆ ಸಾವಾದ ಮನೆಗೆ ಮೊದಲು ಹೋಗುವವ, ಜಗಳವಾದ ಮನೆಯಿಂದ ಕೊನೆಗೆ ಹೊರಡುವವ. ಬೊನಿಫಾಸ್ ಎರಡೂ ಅಲ್ಲ. ಹನ್ನೆರಡು ವರ್ಷ ಕುವೈತಿನಲ್ಲಿ ಯಾರದೋ ಅಂಗಡಿಯ ಗಾಜು ಒರೆಸಿ ಬಂದವನಿಗೆ ಊರಿನ ಯಾವುದನ್ನು ಕಂಡರೂ ಧೂಳು ಹಿಡಿದ ಹಾಗೆ ತೋರುತ್ತಿತ್ತು. ಬಂದ ವರ್ಷವೇ ತನ್ನ ಮನೆಯ ಮಾಡಿಗೆ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ನಕ್ಷತ್ರ ತೂಗುಹಾಕಿದ. ಅದು ರಾತ್ರಿಯಿಡೀ ಕೆಂಪು, ನೀಲಿ, ಹಳದಿ ಎಂದು ಕಣ್ಣು ಮಿಟುಕಿಸುತ್ತಿತ್ತು. "ಮೂವರು ಅರಸರು ಬೆತ್ಲೆಹೇಮಿಗೆ ಹೋಗುವ ದಾರಿಯಲ್ಲಿ ಇದನ್ನು ಕಂಡಿದ್ದರೆ ಒಂಟೆ ಬೆದರಿ ಹಿಂದೆ ಓಡ್ತಿತ್ತು" ಎಂದು ಕಾರ್ಮಿನ್ ಬಾಯಿ ಆಗಲೇ ಹೇಳಿದ್ದರು. ಆ ಮಾತು ಬೊನಿಫಾಸನ ಕಿವಿಗೆ ಮುಟ್ಟಲಿ ಎಂದು ಮುಟ್ಟಿಸುವವರ ಎದುರಿಗೇ ಹೇಳಿದ್ದರು.

ಈಗ ಹುಲ್ಲಿನ ಸರದಿ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಕಟ್ಟುವ ಗೋದಲಿಯ ಹಸಿರು ಕಾರ್ಮಿನ್ ಬಾಯಿಯದು. ಹತ್ತೊಂಬತ್ತನೇ ವರ್ಷಕ್ಕೆ ಪಾವ್ಲುವನ್ನು ಮದುವೆಯಾಗಿ ಈ ಕೇರಿಗೆ ಬಂದಾಗ ಅತ್ತೆ ಕೈಗೆ ಕೊಟ್ಟ ಕೆಲಸ ಅದು. ಡಿಸೆಂಬರ್ ಎಂಟರ ಅಮಲೋದ್ಭವಿ ಮಾತೆಯ ಹಬ್ಬದ ದಿನ ತೆಂಗಿನ ಗೆರಟೆಗಳಲ್ಲೂ ಅಡಿಕೆ ಹಾಳೆಗಳಲ್ಲೂ ಹೊಳೆಯ ಮರಳು, ಮಣ್ಣು ತುಂಬಿ ಭತ್ತ ಬಿತ್ತುವುದು. ನಾಲ್ಕು ದಿನ ಕತ್ತಲೆಯಲ್ಲಿ, ಆಮೇಲೆ ಬೆಳಕಿನಲ್ಲಿ ಇಡುವುದು. ಕ್ರಿಸ್ಮಸ್ ಬರುವಾಗ ಗೇಣುದ್ದ ಹಸಿರು ಎದ್ದು ನಿಂತಿರುತ್ತದೆ. ಅದರ ನಡುವೆ ಬಾಲಯೇಸುವನ್ನು ಮಲಗಿಸುವುದು. ಕಾರ್ಮಿನ್ ಬಾಯಿಗೆ ಹಾಡು ಬಾರದು. ಗಟ್ಟಿಯಾಗಿ ಓದಲು ಬಾರದು. ಇಗರ್ಜಿಯ ಯಾವ ಸಂಘದಲ್ಲೂ ಹೆಸರಿಲ್ಲ. ಮಾತಿನ ಖಾರಕ್ಕೆ ಯಾರೂ ಸೇರಿಸಿಕೊಳ್ಳುವುದೂ ಇಲ್ಲ. ಆದರೆ ಹಬ್ಬದ ದಿನ ಪಾದ್ರಿಯಿಂದ ಹಿಡಿದು ಮೊನ್ನೆ ನಡೆಯಲು ಕಲಿತ ಮಗುವಿನ ತನಕ ಎಲ್ಲರೂ ಮಂಡಿಯೂರುತ್ತಿದ್ದದ್ದು ಆಕೆ ಬೆಳೆಸಿದ ಹಸಿರಿನ ಮುಂದೆ. ನಲವತ್ತೆಂಟು ವರ್ಷ. ಕೇರಿಯಲ್ಲಿ ಆಕೆಗಿದ್ದ ಮರ್ಯಾದೆ ಇಷ್ಟೇ, ಒಂದು ಗೇಣು ಎತ್ತರದ್ದು.

"ನನ್ನ ಭತ್ತ ಏನಾಯ್ತು?" ಎಂದು ಕೇಳಿದರು.

"ಭತ್ತ ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ ಬಾಯಿ. ಮಣ್ಣು ಸೋರ್ತದೆ. ಈ ವರ್ಷ ಐದು ವಾಡೊಗಳಿಗೂ ಗೋದಲಿ ಸ್ಪರ್ಧೆ ಉಂಟು, ನೋಡ್ಲಿಕ್ಕೆ ಹೊರಗಿನವರು ಬರ್ತಾರೆ. ಇದಾದರೆ ನೀರು ಬೇಡ, ಬಾಡೂದಿಲ್ಲ. ಮುಂದಿನ ವರ್ಷಕ್ಕೂ ಆಯ್ತು."

"ಬಾಡೂದಿಲ್ಲ ಅಂದ್ರೆ ಬದುಕೇ ಇರಲಿಲ್ಲ ಅಂತ ಅರ್ಥ. ನಿನ್ನ ತಲೆಯ ಕೂದಲಿನ ಹಾಗೆ."

ಬೊನಿಫಾಸ್ ಕೂದಲಿಗೆ ಬಣ್ಣ ಹಾಕುವ ವಿಷಯ ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲ ಮೇಲಿದ್ದವರು ಸೆರಗು, ಕರವಸ್ತ್ರ ಬಾಯಿಗೆ ಹಿಡಿದರು. ಅವನ ಮುಖ ಕಪ್ಪಿಟ್ಟಿತು.

"ಆಯ್ತು ಬಾಯಿ. ನಾಲ್ಕನೇ ಭಾನುವಾರ ಗೋದಲಿ ಕಟ್ಟೂದು. ಆ ದಿನಕ್ಕೆ ನಿಮ್ಮ ಭತ್ತ ನಾಲ್ಕು ಬೆರಳು ಎತ್ತರ ಆಗಿದ್ರೆ ಈ ಹುಲ್ಲನ್ನು ನನ್ನ ಜಗಲಿಗೆ ಹಾಕಿ ಕಾಲು ಒರೆಸ್ತೇನೆ. ಆಗದಿದ್ರೆ?"

"ಆಗದಿದ್ರೆ ಇನ್ನು ಮೇಲೆ ಗೋದಲಿ ಹತ್ತಿರ ನಾನು ಕೈ ಹಾಕೂದಿಲ್ಲ. ನಿನ್ನ ಪ್ಲಾಸ್ಟಿಕ್ಕಿನಲ್ಲೇ ದೇವರ ಮಗ ಬೆವರಲಿ."

ಮಾತು ಆಡಿದ್ದು ಹತ್ತಾರು ಜನರ ಎದುರು. ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ. ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಮನೆಗೆ ಬಂದ ಮೇಲೆ ತೊಂದರೆ ನೆನಪಾಯಿತು. ಭತ್ತವೆಲ್ಲಿ? ಹೊಳೆಯ ದಂಡೆ ಒಡೆದು ಗದ್ದೆಗೆ ಉಪ್ಪು ನೀರು ನುಗ್ಗಿ ಎರಡು ವರ್ಷವಾಗಿತ್ತು. ಕಳೆದ ವರ್ಷ ಭತ್ತ ಕಟ್ಟಿಡುವ ಹುಲ್ಲಿನ ಮುಡಿಯ ತಳದಲ್ಲಿ ಉಳಿದಿದ್ದ ಹಳೆಯ ಬೀಜದಲ್ಲಿ ಹೇಗೋ ಮಾನ ಉಳಿದಿತ್ತು. ಈಗ ಮನೆಯಲ್ಲಿ ಇದ್ದದ್ದು ಅಂಗಡಿಯಿಂದ ತಂದ ಅಕ್ಕಿ ಮಾತ್ರ.

"ಪಕ್ಕದ ಮನೆ ಸೀತುವಿನ ಹತ್ತಿರ ಕೇಳಿ ಮಾಮಿ, ಅವಳು ಸುಗ್ಗಿ ಬೆಳೆಗೆ ಬೀಜ ಇಟ್ಟಿರ್ತಾಳೆ" ಎಂದಳು ಸೊಸೆ ಲವೀನಾ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ.

"ಅವಳ ಹತ್ತಿರ ನಾನು ಕೈ ಒಡ್ಡಬೇಕಾ?"

ಸೀತು ಬೇಲಿಯಾಚೆಯವಳು. ತುಂಡು ಗದ್ದೆ ಗೇಣಿಗೆ ಮಾಡಿಕೊಂಡು, ಉಳಿದ ದಿನ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಕೂಲಿಗೆ ಹೋಗುವವಳು. ಪಾವ್ಲು ಇದ್ದ ಕಾಲದಲ್ಲಿ ಇವರ ಗದ್ದೆಯಲ್ಲೇ ಭತ್ತದ ನೇಜಿ ನೆಡುತ್ತಿದ್ದಳು. ಕ್ರಿಸ್ಮಸ್ಸಿನ ತಿಂಡಿಯನ್ನು ಕಾರ್ಮಿನ್ ಬಾಯಿ ಪ್ರತಿ ವರ್ಷ ಬಾಳೆಲೆಯಲ್ಲಿ ಕಟ್ಟಿ ಬೇಲಿಯ ಮೇಲಿನಿಂದಲೇ ಅವಳಿಗೆ ಕೊಡುತ್ತಿದ್ದರು. ಗೇಟಿನ ದಾರಿ ಇತ್ತು. ಬೇಲಿ ಹತ್ತಿರ ಎಂಬುದು ನೆಪ.

ಶನಿವಾರ ಕಾರ್ಮಿನ್ ಬಾಯಿ ಮಿಲ್ಲಿಗೇ ಹೋದರು. ಅಂಗಳದ ತುಂಬ ಭತ್ತ ಹರವಿತ್ತು. ಕಿಟ್ಟ ಎಂಬ ಆಳು ಕಾಲಿನಿಂದ ಸಾಲು ಎಳೆಯುತ್ತಿದ್ದ.

"ಕಿಟ್ಟ, ಒಂದ್ ಸೇರ್ ಭತ್ತ ಕೊಡ್ ಕಾಂಬ. ನಮ್ಮ ಹಬ್ಬಕ್ಕೆ, ದೇವ್ರ ಮುಂದೆ ಇಡುಕೆ."

ದೇವರ ಮುಂದೆ ಇಡುವ ಭತ್ತ ಅಂದರೆ ಕಿಟ್ಟನಿಗೆ ಗೊತ್ತಿದ್ದದ್ದು ಒಂದೇ: ತಟ್ಟೆಯಲ್ಲಿ ರಾಶಿ ಹಾಕಿ ಮೇಲೊಂದು ತೆಂಗಿನಕಾಯಿ ಇಡುವುದು. ಅವನು ಭಕ್ತಿಯಿಂದ ಕೈ ಒರೆಸಿಕೊಂಡು, ಅಂಗಳದಿಂದಲೇ ಚೆನ್ನಾಗಿ ಒಣಗಿದ್ದನ್ನು ಆರಿಸಿ ಚೀಲಕ್ಕೆ ತುಂಬಿದ. ಅಂಚಿನಲ್ಲಿ ಗುಡಿಸುತ್ತಿದ್ದ ಸೀತು ಪೊರಕೆಯ ಹಿಡಿಯ ಮೇಲೆ ಗದ್ದ ಊರಿ ನೋಡಿದಳು.

"ಬಾಯಮ್ಮ, ಗೋದ್ಲಿಗಾ? ಬಿತ್ತುಕಾ? ಇದನ್ನ ಬಿತ್ತಿರೆ..."

"ನಲ್ವತ್ತೆಂಟ್ ವರ್ಷ ಬಿತ್ತಿದ್ದೆ ನಾನ್. ನೀನ್ ಹೇಳಿಕೊಡುಕೆ ಬರ್ಬೇಡ ಸೀತು. ಗುಡ್ಸ್ ಕಾಂಬ."

"ಆಯ್ತಪ್ಪ, ನಂಗೆಂತ" ಎಂದು ಸೀತು ಗುಡಿಸಿದಳು.

ಸೋಮವಾರ, ಹಬ್ಬದ ದಿನ, ಶಿಲುಬೆಯ ಗುರುತು ಮಾಡಿ ಕಾರ್ಮಿನ್ ಬಾಯಿ ಬಿತ್ತಿದರು. ಹನ್ನೊಂದು ಗೆರಟೆ, ಆರು ಹಾಳೆ. ಹಿಂದಿನ ಕೋಣೆಯ ಕತ್ತಲೆಯಲ್ಲಿಟ್ಟು ಗೋಣಿ ಮುಚ್ಚಿದರು. ಗುರುವಾರ ಗೋಣಿ ಎತ್ತಿದರೆ ಬರೀ ಮಣ್ಣು. ಚಳಿಗೆ ತಡವಾಯಿತು ಎಂದುಕೊಂಡರು. ಹೊಳೆಬದಿಯಲ್ಲಿ ಚಳಿ ಎಂಬುದು ಬೆಳಿಗ್ಗೆ ಒಂದು ಗಳಿಗೆ ಬಂದು ಹೋಗುವ ನೆಂಟ, ಆದರೂ ಅದರ ಮೇಲೇ ಹಾಕಿದರು. ಶುಕ್ರವಾರ ಬೆರಳಿನಿಂದ ಕೆದಕಿ ಒಂದು ಕಾಳು ತೆಗೆದು ನೋಡಿ, ಮತ್ತೆ ಹೂತರು. ಶನಿವಾರ ನಾಲ್ಕು ಕಾಳು ಕೆದಕಿದರು. ಎಲ್ಲ ಊದಿಕೊಂಡಿದ್ದವು. ಒಂದಕ್ಕೂ ಮೂತಿ ಒಡೆದಿರಲಿಲ್ಲ.

ಮೂರನೇ ಭಾನುವಾರ ಇಗರ್ಜಿಯಲ್ಲಿ ಗುಲಾಬಿ ಬಣ್ಣದ ಮೊಂಬತ್ತಿ. ಎಲೆಯ ಚಕ್ರದ ಮೇಲೆ ನಾಲ್ಕು ಮೊಂಬತ್ತಿ ಇರುತ್ತವೆ, ಮೂರು ನೇರಳೆ, ಒಂದು ಗುಲಾಬಿ, ವಾರಕ್ಕೊಂದು ಹಚ್ಚುವುದು. ಗುಲಾಬಿಯದು ಸಂತೋಷದ ಭಾನುವಾರ. "ಸಂತೋಷಪಡಿ, ಕರ್ತನು ಸಮೀಪವಾಗಿದ್ದಾನೆ" ಎಂದು ಪಾದ್ರಿಗಳು ಮೈಕಿಗೆ ತುಟಿ ತಾಗಿಸಿ ಹೇಳಿದರು. ಅವರು ಹೊಸಬರು, ಚಿಕ್ಕ ಪ್ರಾಯದವರು, ಯಾವಾಗಲೂ ಸಂತೋಷವಾಗಿಯೇ ಇರುವವರು. ಮೊಳೆಯದ ಹನ್ನೊಂದು ಗೆರಟೆ ಮನೆಯಲ್ಲಿಟ್ಟುಕೊಂಡು ಇವರು ಹೀಗೆ ನಗಲಿ ನೋಡೋಣ ಎಂದುಕೊಂಡರು ಕಾರ್ಮಿನ್ ಬಾಯಿ. ಹೊರಗೆ ಬರುವಾಗ ಬೊನಿಫಾಸ್ ಕಾದು ನಿಂತಿದ್ದ.

"ಭತ್ತ ಹೇಗುಂಟು ಬಾಯಿ?"

"ನಿನ್ನನ್ನೇ ಕೇಳ್ತಾ ಉಂಟು. ಬೊನಿ ಯಾಕೆ ಬರಲಿಲ್ಲ ಅಂತ."

ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಆರು ಹಾಳೆಗಳನ್ನೂ ಕೆದಕಿದರು.

ಮರುದಿನ ಸೀತು ಒಲೆಗೆ ತೆಂಗಿನ ಒಣ ಮಡಲು ಕೇಳಲು ಬಂದಳು. ಬಂದವಳು ಹಿತ್ತಿಲ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು.

"ಹ್ವಾಯ್ ಬಾಯಮ್ಮ, ಎಂತ, ಹೆಗ್ಣ ಸತ್ತಿತಾ ಒಳಗೆ? ವಾಸ್ನಿ ಬತ್ತಾ ಇತ್ತಲೆ."

ಕಾರ್ಮಿನ್ ಬಾಯಿ ಅಡ್ಡ ನಿಂತರು. ಆದರೆ ಲವೀನಾ ಮೆಷಿನ್ ನಿಲ್ಲಿಸಿ, "ಹೆಗ್ಗಣ ಅಲ್ಲ ಸೀತಕ್ಕ, ನಮ್ಮ ಮಾಮಿಯ ಮರ್ಯಾದೆ" ಎಂದುಬಿಟ್ಟಳು. ಸೀತು ಒಳಗೆ ಹೋಗಿ ಗೋಣಿ ಎತ್ತಿದಳು. ಒಂದು ಕಾಳು ತೆಗೆದು ಸೆರಗಿಗೆ ಒರೆಸಿ ಮುಂದಿನ ಹಲ್ಲಿನಲ್ಲಿ ಕಚ್ಚಿದಳು. ಉಗುಳಿದಳು.

"ಇದ್ ಬೇಸಿದ್ ಭತ್ತ, ಬಾಯಮ್ಮ."

ಕಾರ್ಮಿನ್ ಬಾಯಿ ತಾವೂ ಒಂದು ಕಾಳು ತೆಗೆದು ಕಚ್ಚಿ ನೋಡಿದರು.

"ಮಿಲ್ಲಿನ್ ಅಂಗ್ಳದಗೆ ಒಣ್ಸೂದ್ ಎಲ್ಲ ಬೇಸಿದ್ದೇ ಅಲ್ದಾ? ಕುಚ್ಲಕ್ಕಿ ಮಾಡುಕೆ. ಇದ್ ಅನ್ನ ಆತ್ತ್, ಗಿಡ ಆತಿಲ್ಲೆ. ಇನ್ನ್ ನೂರ್ ಮೊಂಬತ್ತಿ ಹಚ್ಚಿ ಕೂಕಂಡ್ರೂ ಆತಿಲ್ಲೆ."

ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಉಂಡ ಬಾಯಿ. ವರ್ಷವರ್ಷವೂ ಹಂಡೆಯಲ್ಲಿ ಭತ್ತ ಬೇಯಿಸಿ ಅಂಗಳದಲ್ಲಿ ಹರವಿದ ಕೈ. ಆದರೆ ಮನೆಯಲ್ಲಿ ಬೇಯಿಸಿದ್ದು ಚಾಪೆಯ ಮೇಲೆ, ಬೀಜದ್ದು ಮುಡಿಯಲ್ಲಿ. ಯಾವುದು ಯಾವುದೆಂದು ಕೇಳಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಭತ್ತದ ಗುರುತು ತನಗೆ ಗೊತ್ತು ಎಂದುಕೊಂಡಿದ್ದರು. ಗೊತ್ತಿದ್ದದ್ದು ಮನೆಯ ಮೂಲೆಗಳ ಗುರುತು.

"ನೀನ್ ಅವತ್ತೇ ಯಾಕ್ ಹೇಳ್ಲಿಲ್ಲೆ?"

"ಹೇಳುಕೆ ಬಿಟ್ರಲೆ ನೀವ್!" ಸೀತು ಸೊಂಟಕ್ಕೆ ಕೈ ಕೊಟ್ಟಳು. "ಗುಡ್ಸ್ ಕಾಂಬ ಅಂದ್ರಿ, ಗುಡ್ಸ್ದೆ."

ಬೊನಿಫಾಸನ ಗಾಜು ಒರೆಸುವ ಕೈಯನ್ನು, ಪಾದ್ರಿಗಳ ನಗುವನ್ನು, ನಕ್ಷತ್ರದ ಮಿಟುಕನ್ನು ಹೀಯಾಳಿಸಲು ಕಾರ್ಮಿನ್ ಬಾಯಿ ಎಂದೂ ಪದಕ್ಕೆ ತಡಕಾಡಿದವರಲ್ಲ. ಬೇಯಿಸಿದ ಭತ್ತವನ್ನು ಶಿಲುಬೆಯ ಗುರುತು ಮಾಡಿ ಬಿತ್ತಿ, ಏಳು ದಿನ ನೀರು ಚಿಮುಕಿಸಿ, ದಿನವೂ ಕೆದಕಿ ನೋಡಿದ ಅರುವತ್ತೇಳು ವರ್ಷದ ಹೆಂಗಸನ್ನು ಹೀಯಾಳಿಸಲು ಮಾತ್ರ ಯಾವ ಪದವೂ ಸಾಲದೆ ಹೋಯಿತು. ಮಣೆಯ ಮೇಲೆ ಕುಳಿತರು.

ಸೀತು ಮಡಲು ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿನಲ್ಲಿ ಬೇಲಿಯ ಹತ್ತಿರ ಅಲ್ಲ, ಗೇಟಿನ ದಾರಿಯಲ್ಲೇ ಬಂದಳು. ಕೈಯಲ್ಲಿ ಒದ್ದೆ ಗೋಣಿಯ ಗಂಟು. ಬಿಚ್ಚಿದರೆ ಒಳಗೆ ಬಿಸಿಬಿಸಿ ಹಬೆ. ಭತ್ತದ ಪ್ರತಿ ಕಾಳಿಗೂ ಬಿಳಿಯ ಮೂತಿ.

"ಸುಗ್ಗಿಗೆ ಅಂದೇಳಿ ಮೊಳ್ಕಿ ಕಟ್ಟಿಟ್ಟಿದ್ದೆ. ನಾಳೆ ಬಿತ್ತೂದ್ ಇತ್ತ್. ಎರಡ್ ಸೇರ್ ನಿಮ್ಗೆ. ಆದ್ರೆ ಒಂದ್ ಮಾತ್, ಹಬ್ಬ ಮುಗ್ದ್ ಮೇಲೆ ಬಿಸಾಡೂಕಾಗ. ನಂಗೇ ವಾಪಾಸ್ ಕೊಡ್ಕ್. ಗದ್ದೆಗೆ ನೆಡ್ತೆ."

ನಲವತ್ತೆಂಟು ವರ್ಷವೂ ಜನವರಿ ಆರರ ಮೂವರು ಅರಸರ ಹಬ್ಬ ಕಳೆದ ಮೇಲೆ ಗೋದಲಿಯ ಹಸಿರನ್ನು ತೆಂಗಿನ ಬುಡಕ್ಕೆ ಎಸೆದದ್ದು ಕಾರ್ಮಿನ್ ಬಾಯಿಗೆ ನೆನಪಾಯಿತು. ಅದು ನೆಟ್ಟರೆ ಬೆಳೆಯುವ ವಸ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಇಬ್ಬರೂ ಕೂತು ಹಳೆಯ ಮಣ್ಣು ಚೆಲ್ಲಿ ಹೊಸದು ತುಂಬಿದರು. ಬೆಂದ ಭತ್ತವನ್ನು ಸೀತುವಿನ ಕೋಳಿಗಳಿಗೆ ಹಾಕಿದರು. ಕೋಳಿಗಳು ಯಾವ ದೂರೂ ಹೇಳಲಿಲ್ಲ.

"ಅಲ್ಲ ಬಾಯಮ್ಮ, ಆ ಮೊಂಬತ್ತಿ ವಾರಕ್ ಒಂದೊಂದೇ ಹಚ್ಚೂದ್ ಎಂತಕೆ? ನಾಲ್ಕೂ ಒಟ್ಟಿಗೇ ಹಚ್ಚಿರೆ ಬೆಳ್ಕ್ ಜಾಸ್ತಿ ಆತಿಲ್ಯಾ?"

"ಕಾಯೂದ್ ಕಲ್ಸುಕೆ. ಬಪ್ಪವ ಬಪ್ಪ ದಿನವೇ ಬಪ್ಪುದ್. ಅಲ್ಲಿವರೆಗೆ ಸ್ವಲ್ಪ ಸ್ವಲ್ಪ ಬೆಳ್ಕ್."

"ಅದನ್ನ ಕಲ್ಸ್ಕಾ?" ಸೀತುವಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಬಿತ್ತಿದವ್ರಿಗೆ ಅಷ್ಟೂ ಗೊತ್ತಿಪ್ದಿಲ್ಯಾ? ಮತ್ತೆ ಬಾಯಮ್ಮ, ದಿನಾ ಕೆದ್ಕಿ ನೋಡ್ಬೇಡಿ. ಕೆದ್ಕಿರೆ ಬದ್ಕಿದ್ದ್ ಭತ್ತವೂ ಸಾಯತ್ತ್."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರ ಮೂರು ತಲೆಮಾರು ಎದ್ದು ಬರುತ್ತಿತ್ತು. ಕಾರ್ಮಿನ್ ಬಾಯಿ ಉಗುರಿನ ಮಣ್ಣು ತೆಗೆದುಕೊಳ್ಳುತ್ತ, "ಆಯ್ತ್" ಎಂದರು. ಲವೀನಾ ಮೆಷಿನ್ ತುಳಿಯುವುದನ್ನೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

ಲೆಕ್ಕ ಮಾತ್ರ ಸುಲಭವಿತ್ತು. ಭಾನುವಾರಕ್ಕೆ ಉಳಿದದ್ದು ಆರು ದಿನ. ಮೊಳಕೆ ಎಷ್ಟೇ ಹುರುಪಿನದಾದರೂ ಆರು ದಿನಕ್ಕೆ ನಾಲ್ಕು ಬೆರಳು ಆಗದು. ಅದನ್ನು ತಿಳಿದೂ ಪ್ರತಿ ಬೆಳಿಗ್ಗೆ ನೀರು ಚಿಮುಕಿಸಿದರು. ಕೆದಕಲಿಲ್ಲ. ಗುರುವಾರ ಹಳದಿ ಸೂಜಿಗಳು ಮಣ್ಣು ಎತ್ತಿಕೊಂಡು ಮೇಲೆ ಬಂದವು. ಕಿಟಕಿಯ ಬಳಿ ಇಟ್ಟರು. ಶನಿವಾರ ಸಂಜೆಗೆ ಹಸಿರಾದವು. ಅಷ್ಟು ವರ್ಷದಲ್ಲಿ ಅವುಗಳನ್ನು ಎತ್ತರಕ್ಕಾಗಿ ನೋಡಿದ್ದರೇ ಹೊರತು ಅವು ಏಳುವುದನ್ನು ಕೂತು ನೋಡಿರಲಿಲ್ಲ.

ನಾಲ್ಕನೇ ಭಾನುವಾರ ಇಗರ್ಜಿಯ ಬದಿಯ ಸಭಾಂಗಣದಲ್ಲಿ ವಾಡೊದ ಗೋದಲಿ ಸಿದ್ಧವಾಗಿತ್ತು. ಮೋಟರಿನಿಂದ ನೀರು ಹಾರುವ ಝರಿ, ಥರ್ಮಾಕೋಲಿನ ಹಿಮ. ಹಿಮ ಎಂಬುದನ್ನು ಬೆತ್ಲೆಹೇಮಿನವರು ಹೆಚ್ಚು ಕಂಡಿದ್ದರೋ ಬಸ್ರೂರಿನವರೋ ಎಂದು ಯಾರೂ ಕೇಳಿರಲಿಲ್ಲ. ಎಲ್ಲದರ ಕೆಳಗೆ ಹಲ್ಲುಜ್ಜುವ ಬ್ರಷ್ಷಿನಂತೆ ನೆಟ್ಟಗೆ ನಿಂತ ಪ್ಲಾಸ್ಟಿಕ್ ಹುಲ್ಲು. ಕಾರ್ಮಿನ್ ಬಾಯಿ ಒಂದು ಗೆರಟೆ ಹಿಡಿದು ಬಂದರು. ಉಳಿದವುಗಳನ್ನು ಬುಟ್ಟಿಯಲ್ಲಿ ಹೊತ್ತ ಸೀತು ಬಾಗಿಲ ಹೊರಗೇ ನಿಂತಳು. ಆ ಮೆಟ್ಟಿಲು ಅವಳು ಎಂದೂ ಹತ್ತಿರಲಿಲ್ಲ. ಹತ್ತು ಎಂದು ಯಾರೂ ಹೇಳಿರಲಿಲ್ಲ.

ಬೊನಿಫಾಸ್ ಜೇಬಿನಿಂದ ಉಕ್ಕಿನ ಟೇಪು ತೆಗೆದ. ಬೆರಳಿನ ಅಳತೆಗೂ ಟೇಪು! ಹಿಡಿದು ನೋಡಿ, ಎಲ್ಲರಿಗೂ ಕಾಣುವಂತೆ ಎತ್ತಿ, "ಎರಡು ಬೆರಳು" ಎಂದ. "ಅದೂ ಸರಿಯಾಗಿ ಇಲ್ಲ."

ಜನ ಕಾದರು. ಇನ್ನೇನು ಕಾರ್ಮಿನ್ ಬಾಯಿ ಬಾಯಿ ತೆರೆಯುತ್ತಾರೆ, ಬೊನಿಫಾಸನ ಟೇಪಿನಿಂದ ಹಿಡಿದು ಅವನಜ್ಜನ ಕಚ್ಚೆಯ ತನಕ ಅಳೆಯುತ್ತಾರೆ. ಬೊನಿಫಾಸನೂ ಅದಕ್ಕೇ ತಯಾರಾಗಿ ಬಂದಿದ್ದ. ಎರಡು ಉತ್ತರ ಮೊದಲೇ ಕಟ್ಟಿಟ್ಟುಕೊಂಡಿದ್ದ.

"ನೀನು ಗೆದ್ದೆ ಬೊನಿ" ಎಂದರು ಕಾರ್ಮಿನ್ ಬಾಯಿ. "ನಾನು ಬಿತ್ತಿದ್ದು ಮಿಲ್ಲಿನ ಬೇಯಿಸಿದ ಭತ್ತ. ಏಳು ದಿನ ಅದಕ್ಕೆ ನೀರು ಹಾಕಿದೆ. ಬಿತ್ತಬೇಡ ಅಂತ ಸೀತು ಹೇಳ್ಲಿಕ್ಕೆ ಬಂದಳು, ನಾನು ಬಾಯಿ ಮುಚ್ಚಿಸಿದೆ. ಇದು ಅವಳ ಬೀಜ."

ಯಾರೋ "ಬೇಯಿಸಿದ್ದಾ?" ಎಂದರು, ಸಭಾಂಗಣ ಪೂರ್ತಿ ನಕ್ಕಿತು. ನಲವತ್ತೆಂಟು ವರ್ಷ ಬೈಸಿಕೊಂಡ ಕೇರಿ ಬಡ್ಡಿ ಸಮೇತ ನಕ್ಕಿತು. ಬೊನಿಫಾಸನೂ ಟೇಪು ಅಲುಗುವಷ್ಟು ನಕ್ಕ. ಆದರೆ ನಕ್ಕು ಮುಗಿದ ಮೇಲೆ ಅವನಿಗೆ ಏನು ಮಾಡುವುದೆಂದು ತೋಚಲಿಲ್ಲ. ಕಟ್ಟಿಟ್ಟ ಉತ್ತರಗಳಿಗೆ ಪ್ರಶ್ನೆಯೇ ಬಂದಿರಲಿಲ್ಲ. ಗೆದ್ದವನ ದೊಡ್ಡತನ ತೋರಿಸೋಣ ಎಂದು, "ತಂದದ್ದು ತಂದಿದ್ದೀರಿ ಬಾಯಿ. ಒಂದು ಮೂಲೆ ಖಾಲಿ ಉಂಟು, ಬೇಕಾದ್ರೆ ಇಡಿ" ಎಂದ.

"ಯಾವ ಮೂಲೆ?"

"ಅಲ್ಲಿ, ಕತ್ತೆಯ ಹಿಂದೆ."

ದೇವರ ಮಗನ ಕೆಳಗಿದ್ದ ಹಸಿರಿಗೆ ಕತ್ತೆಯ ಬಾಲದ ಜಾಗ. ಇನ್ನು ಗೋದಲಿಗೆ ಕೈ ಹಾಕುವುದಿಲ್ಲ ಎಂದ ಮಾತೂ ಇತ್ತು. ಅದನ್ನೇ ಹಿಡಿದು ಗೆರಟೆಯನ್ನು ಅಲ್ಲೇ ಕುಕ್ಕಿ ಹೊರಟುಬಿಡಬಹುದಿತ್ತು. ಹೋದ ವರ್ಷದ ಕಾರ್ಮಿನ್ ಬಾಯಿ ಅದನ್ನೇ ಮಾಡುತ್ತಿದ್ದರು. ಅವರು ಕೈಯಲ್ಲಿದ್ದದ್ದನ್ನು ನೋಡಿದರು. ಎರಡು ಬೆರಳಿನದು, ಬಾಗಿಲಿನಿಂದ ಬರುವ ಬೆಳಕಿನ ಕಡೆಗೆ ಆಗಲೇ ಬಾಗಿತ್ತು. ಅದಕ್ಕೆ ಯಾವ ಮೂಲೆಯಾದರೇನು.

"ಮಾತು ಮಾತೇ ಬೊನಿ, ನಾನು ಕೈ ಹಾಕೂದಿಲ್ಲ. ಬೀಜದವಳೇ ಇಡಲಿ" ಎಂದು ಬಾಗಿಲ ಕಡೆ ತಿರುಗಿದರು. "ಸೀತು, ಒಳಗೆ ಬಾ. ಕತ್ತೆ ಹಿಂದೆ ಇಡೂದಂಬ್ರ್."

ಸೀತು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಬುಟ್ಟಿ ಇಳಿಸಿ ಜಾಗ ನೋಡಿದಳು.

"ಕತ್ತೆ ಗಿತ್ತೆ ತಿಂದ್ರೆ ಬಾಯಮ್ಮ?"

"ಅದ್ ಮಣ್ಣಿನ್ ಕತ್ತೆ ಮಾರಾಯ್ತಿ."

"ನಾನ್ ಆ ಕತ್ತೆ ಸುದ್ದಿ ಹೇಳಿದ್ದಲ್ಲ" ಎಂದು ಸೀತು ಬೊನಿಫಾಸನ ಟೇಪನ್ನೊಮ್ಮೆ ನೋಡಿ, ಬಗ್ಗಿ ಗೆರಟೆಗಳನ್ನು ಸಾಲಾಗಿ ಇಡತೊಡಗಿದಳು. ಈ ಸಲ ನಗು ಬೇರೆ ಕಡೆಗೆ ತಿರುಗಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕದ್ದು ಕಾರ್ಮಿನ್ ಬಾಯಿ.

ಸ್ಪರ್ಧೆಯಲ್ಲಿ ಹೊಳೆಬದಿಯ ವಾಡೊಗೆ ನಾಲ್ಕನೇ ಸ್ಥಾನ ಬಂತು. ಹಬ್ಬದ ಮುನ್ನಾದಿನ ಸಂಜೆ ಕಾರ್ಮಿನ್ ಬಾಯಿ ಸೀತುವನ್ನು ಕರೆದುಕೊಂಡು ಗೋದಲಿ ನೋಡಲು ಹೋದರು. ತಿಂಡಿಯ ತಟ್ಟೆಯನ್ನು ದಾರಿಯಲ್ಲೇ ಅವಳ ಮನೆಯೊಳಗೆ ಹೋಗಿ ಕೊಟ್ಟಾಗಿತ್ತು. ಪ್ಲಾಸ್ಟಿಕ್ ಹುಲ್ಲು ಮಂಗಳೂರಿನಿಂದ ಬಂದ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಕತ್ತೆಯ ಹಿಂದಿನ ಭತ್ತ ಕತ್ತೆಯ ಬೆನ್ನು ದಾಟಿ, ಮೊಂಬತ್ತಿಗಳಿದ್ದ ಕಡೆಗೆ ಕತ್ತು ಚಾಚಿತ್ತು.

"ಇನ್ನ್ ಹದ್ನೈದ್ ದಿನ. ನೆಡುಕೆ ಲಾಯ್ಕ್ ಆತ್ತ್" ಎಂದಳು ಸೀತು.

ಕಾರ್ಮಿನ್ ಬಾಯಿ ಬಗ್ಗಿ ನೋಡಿದರು. ಬೆರಳು ಮಾತ್ರ ಹಾಕಲಿಲ್ಲ.